ಸರೀಕರ ಮುಯ್ಯಾಳು

(ಕೊಟ್ಟಿಗೆಹಾರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ನಿಮ್ಮ ಊರಿನ ಹೆಸರು ಹೊತ್ತ ಒಂದು ಕಪ್ಪೆ ಇದೆ. ವಿಜ್ಞಾನಿಗಳ ಪುಸ್ತಕದಲ್ಲಿ ಅದು ಮೈಕ್ರಿಕ್ಸೇಲಸ್ ಕೊಟ್ಟಿಗೆಹಾರೆನ್ಸಿಸ್. ಹೆಬ್ಬೆರಳಿನಷ್ಟೂ ಇಲ್ಲದ ಜೀವ. ಹಳ್ಳದ ಬಂಡೆಯ ಮೇಲೆ ಕೂತ ಗಂಡುಕಪ್ಪೆ, ನೀರಿನ ಮೊರೆತದಲ್ಲಿ ಕೂಗಿದ್ದಷ್ಟೇ ಸಾಲದೆಂಬಂತೆ, ಹಿಂಗಾಲು ಚಾಚಿ ಬೆರಳು ಬಿಡಿಸಿ ಬೀಸುತ್ತದೆ. ಅದಕ್ಕೇ ಇದನ್ನು ಕುಣಿಯುವ ಕಪ್ಪೆ ಎನ್ನುತ್ತಾರೆ. ಇವತ್ತು ಇದು ಅಳಿವಿನ ಅಪಾಯ ಎದುರಿಸುತ್ತಿರುವ ಜೀವಿಗಳ ಪಟ್ಟಿಯಲ್ಲಿದೆ.

ಈ ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್. ದಕ್ಷಿಣ ಭಾರತದ ಕಪ್ಪೆಗಳ ಬಗ್ಗೆ ಅವರು ಬರೆದ ದೀರ್ಘ ಲೇಖನ 1937ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ ಅಚ್ಚಾಯಿತು. ಆಗ ಈ ಊರು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಇದೇ ನಾರಾಯಣ ರಾಯರು 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಹೌದು. ಹಳ್ಳದ ಕಲ್ಲು ಮಗುಚಿ ಕಪ್ಪೆಯ ಕಾಲ್ಬೆರಳು ನೋಡುತ್ತಿದ್ದ ಕಣ್ಣೇ, ಮೇಜಿನ ಮುಂದೆ ಕೂತಾಗ ಬೇರೆಯವರ ಬರಹದ ಸಾಲುಸಾಲನ್ನೂ ನೋಡುತ್ತಿತ್ತು. ಈ ಎರಡನೆಯ ನೋಟದ ಬಗ್ಗೆ ಇಂದು ನಾನು ಮಾತಾಡಬೇಕೆಂದಿದ್ದೇನೆ.

ಒಬ್ಬರು ಕಂಡುಕೊಂಡದ್ದನ್ನು ಅದೇ ಕಸುಬಿನ ಇನ್ನೊಬ್ಬರು ಓದಿ, ಪರೀಕ್ಷಿಸಿ, ಲೋಕದ ಮುಂದಿಡಬಹುದೋ ಬೇಡವೋ ಎಂದು ಹೇಳುವ ಪದ್ಧತಿಗೆ ಪೀರ್ ರಿವ್ಯೂ ಎನ್ನುತ್ತಾರೆ. ಪೀರ್ ಎಂಬುದಕ್ಕೆ ಪಾರಿಭಾಷಿಕ ಪದ ಹುಡುಕಬೇಕಾಗಿಲ್ಲ. ಮಲೆನಾಡಿನ ಮನೆಮಾತಿನಲ್ಲೇ ಅದು ಇದೆ: ಸರೀಕರು. ‘ಸರೀಕರ ಎದುರು ತಲೆ ಎತ್ತಿ ನಡೆಯಬೇಕು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದೇ ಸರೀಕರು. ಮೇಲಧಿಕಾರಿಯೂ ಅಲ್ಲದ, ಕೈಕೆಳಗಿನವರೂ ಅಲ್ಲದ, ನಮ್ಮ ಕೆಲಸದ ಒಳಹೊರಗು ಬಲ್ಲವರು.

ನನ್ನ ಕಸುಬು ಕಂಪ್ಯೂಟರ್ ವಿಜ್ಞಾನದ ಗಣಿತ ಭಾಗ. ಪೇಪರ್ ಬರೆದು ಕಳಿಸುವುದು, ಬೇರೆಯವರ ಪೇಪರ್ ಓದಿ ಅಭಿಪ್ರಾಯ ಬರೆಯುವುದು, ಈ ಎರಡರಲ್ಲೇ ನನ್ನ ಆಯುಷ್ಯದ ದೊಡ್ಡ ಪಾಲು ಕಳೆದಿದೆ. ಎರಡನೆಯದರ ಬಗ್ಗೆ ಊರಿನವರ ಮುಂದೆ ಮಾತಾಡಿದ್ದು ಇದೇ ಮೊದಲು.

ಗದ್ದೆಯ ಲೆಕ್ಕ

ನನ್ನ ಬಾಲ್ಯದಲ್ಲಿ ನಮ್ಮ ಮನೆಗೆ ಸ್ವಲ್ಪ ಕಾಫಿ ತೋಟ, ಅದರ ಕೆಳಗಿನ ತಗ್ಗಿನಲ್ಲಿ ಗದ್ದೆ ಇದ್ದವು. ನಟ್ಟಿಯ ಕಾಲಕ್ಕೆ ಕೂಲಿ ಕೊಟ್ಟು ಆಳು ತರುವ ಶಕ್ತಿ ಇರಲಿಲ್ಲ. ಅಮ್ಮ ಮುಯ್ಯಾಳಿಗೆ ಹೋಗುತ್ತಿದ್ದರು. ಇವತ್ತು ಅವರ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ಅವರು. ಸುರಿಯುವ ಮಳೆಯಲ್ಲಿ ಗೊರಬು ಹೊತ್ತು, ಬಗ್ಗಿದ ಬೆನ್ನು ಎತ್ತದೆ ಸಸಿ ನೆಡುವ ಹೆಂಗಸರ ಸಾಲು ಈಗಲೂ ನನ್ನ ಕಣ್ಣಲ್ಲಿದೆ. ದುಡ್ಡು ಕೈ ಬದಲಾಗುತ್ತಿರಲಿಲ್ಲ. ಬರೆದಿಟ್ಟ ಕರಾರೂ ಇರಲಿಲ್ಲ. ಆದರೆ ಯಾರ ಮನೆಗೆ ಎಷ್ಟು ಆಳಿನ ಬಾಕಿ ಎಂಬುದು ಎಲ್ಲರಿಗೂ ಬಾಯಿಪಾಠ. ಇನ್ನೊಬ್ಬರ ಗದ್ದೆಯಲ್ಲಿ ಸಸಿಯನ್ನು ಸಡಿಲವಾಗಿ ಊರಿ ಬಂದವಳ ಹೆಸರು ಮರುದಿನವೇ ಊರೆಲ್ಲ ಗೊತ್ತಾಗುತ್ತಿತ್ತು.

ಪೀರ್ ರಿವ್ಯೂ ಎಂಬುದು ಇದೇ ಮುಯ್ಯಾಳು. ಒಂದು ಪೇಪರನ್ನು ಸಾಮಾನ್ಯವಾಗಿ ಮೂವರು ಓದುತ್ತಾರೆ. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಹಾಗಾದರೆ ಒಂದು ಪೇಪರ್ ಕಳಿಸಿದವನ ತಲೆಯ ಮೇಲೆ ಮೂರು ಓದಿನ ಬಾಕಿ ಇರುತ್ತದೆ. ಆ ಬಾಕಿಯನ್ನು ಅವನು ಬೇರೆ ಮೂರು ಪೇಪರ್ ಓದಿ ತೀರಿಸಬೇಕು. ಇಷ್ಟೇ ಲೆಕ್ಕ.

ಒಂದು ವ್ಯತ್ಯಾಸ ಮಾತ್ರ ಇದೆ, ಅದು ದೊಡ್ಡದು. ಅಮ್ಮನಿಗೆ ತನ್ನ ಗದ್ದೆಗೆ ಯಾರು ಬಂದಿದ್ದರೆಂದು ಗೊತ್ತಿತ್ತು. ನನ್ನ ಪೇಪರ್ ಓದಿದವರು ಯಾರೆಂದು ನನಗೆ ಗೊತ್ತಿಲ್ಲ, ಎಂದೂ ಗೊತ್ತಾಗುವುದಿಲ್ಲ. ಆದ್ದರಿಂದ ನನ್ನ ಬಾಕಿಯನ್ನು ಸಾಲ ಕೊಟ್ಟವರಿಗೇ ತೀರಿಸಲಾರೆ. ಮುಖ ಕಾಣದ ಇನ್ಯಾರದೋ ಗದ್ದೆಯಲ್ಲಿ, ನನ್ನದೇ ಗದ್ದೆ ಎಂಬಷ್ಟು ಜತನದಿಂದ ಸಸಿ ನೆಟ್ಟು ತೀರಿಸಬೇಕು.

ಒಂದು ಪೇಪರಿನ ದಾರಿ

ಬಹುತೇಕ ವಿಜ್ಞಾನಗಳಲ್ಲಿ ಸಮ್ಮೇಳನವೆಂದರೆ ಒಂದು ಪುಟದ ಸಾರಾಂಶ ಕಳಿಸಿ, ಹೋಗಿ ಮಾತಾಡಿ ಬರುವ ಜಾಗ. ಪೂರ್ಣ ಲೇಖನ ಅಚ್ಚಾಗುವುದು ನಿಯತಕಾಲಿಕದಲ್ಲಿ. ಕಂಪ್ಯೂಟರ್ ವಿಜ್ಞಾನದಲ್ಲಿ ಹಾಗಲ್ಲ. ವಿಷಯ ಬೇಗ ಬೇಗ ಬದಲಾಗುವುದರಿಂದ ಇಲ್ಲಿ ಸಮ್ಮೇಳನಕ್ಕೇ ಪೂರ್ಣ ಲೇಖನ ಕಳಿಸುತ್ತಾರೆ, ಅಲ್ಲೇ ಕಟ್ಟುನಿಟ್ಟಾದ ಪರಿಶೀಲನೆ ನಡೆಯುತ್ತದೆ. ನಮ್ಮಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ 1981ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಫ್‌ಎಸ್‌ಟಿಟಿಸಿಎಸ್ ಸಮ್ಮೇಳನ. ಸಾಫ್ಟ್‌ವೇರಿನ ಬುನಾದಿ ಮತ್ತು ಕಂಪ್ಯೂಟರ್ ಸಿದ್ಧಾಂತಕ್ಕೆ ಮೀಸಲಾದ ಸಮ್ಮೇಳನ ಅದು. ದೇಶವಿದೇಶದ ವಿದ್ವಾಂಸರು ಅದರ ಸಮಿತಿಯಲ್ಲಿ ಕೂತು ಓದುತ್ತಾರೆ. 2008ರಿಂದ ಅದರ ಸಂಪುಟಗಳನ್ನು ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಮೂಡಿಗೆರೆಯ ವಿದ್ಯಾರ್ಥಿಗೂ ಅದು ಅಷ್ಟೇ ಹತ್ತಿರ.

ಇಂಥ ಸಮ್ಮೇಳನದ ಕೆಲಸ ಶುರುವಾಗುವುದು ಪ್ರೋಗ್ರಾಂ ಕಮಿಟಿಯಿಂದ. ಒಬ್ಬರೋ ಇಬ್ಬರೋ ಅಧ್ಯಕ್ಷರು, ಅವರು ಆರಿಸಿಕೊಂಡ ಇಪ್ಪತ್ತು ಮೂವತ್ತು ಸದಸ್ಯರು. ಯಾವ ವಿಷಯ ಬೇಕು, ಎಷ್ಟು ಪುಟ, ಕೊನೆಯ ದಿನ ಯಾವುದು ಎಂದು ಪ್ರಕಟಣೆ ಹೊರಡುತ್ತದೆ. ಅನೇಕ ಸಮ್ಮೇಳನಗಳು ಕೊನೆಯ ದಿನವನ್ನು ಭೂಮಿಯ ಮೇಲೆ ಕಟ್ಟಕಡೆಗೆ ಕತ್ತಲಾಗುವ ಜಾಗದ ಗಡಿಯಾರದಿಂದ ಎಣಿಸುತ್ತವೆ. ಅಲ್ಲಿ ಮಧ್ಯರಾತ್ರಿಯಾದಾಗ ನಮ್ಮಲ್ಲಿ ಮರುದಿನ ಸಂಜೆ ಐದೂವರೆ. ಯಾವ ದೇಶದವರಿಗೂ ಅನ್ಯಾಯವಾಗದಿರಲಿ ಎಂಬುದು ಅದರ ಹಿಂದಿನ ಕಾಳಜಿ.

ಪೇಪರುಗಳು ಬಂದ ಮೇಲೆ ಮೊದಲ ಕೆಲಸ ಸಂಬಂಧ ಘೋಷಣೆ. ನನ್ನ ಶಿಷ್ಯರ, ಗುರುಗಳ, ನನ್ನ ಸಂಸ್ಥೆಯವರ, ಇತ್ತೀಚೆಗೆ ನನ್ನ ಜೊತೆ ಬರೆದವರ, ನನ್ನ ನೆಂಟರ ಪೇಪರ್ ನನ್ನ ಹತ್ತಿರ ಬರಕೂಡದು. ಅದರ ಚರ್ಚೆಯೂ ನನಗೆ ಕಾಣಕೂಡದು. ಆಮೇಲೆ ಪ್ರತಿಯೊಬ್ಬ ಸದಸ್ಯನೂ ಪಟ್ಟಿ ನೋಡಿ, ಇದನ್ನು ಓದಬಲ್ಲೆ, ಇದು ನನ್ನ ಅಳವಲ್ಲ ಎಂದು ಗುರುತು ಹಾಕುತ್ತಾನೆ. ಈ ಹಂಚಿಕೆಗೆಲ್ಲ ಈಗ ತಂತ್ರಾಂಶಗಳಿವೆ. ಮ್ಯಾಂಚೆಸ್ಟರಿನ ಆಂಡ್ರೆ ವೊರೊಂಕೊವ್ 2002ರಲ್ಲಿ ಕಟ್ಟಿದ ಈಜಿಚೇರ್ ಅವುಗಳಲ್ಲಿ ಒಂದು.

ಓದಿದವನು ಬರೆಯಬೇಕಾದ ವರದಿಗೆ ಒಂದು ನಮೂನೆ ಇದೆ. ಮೊದಲು, ಪೇಪರಿನಲ್ಲಿ ಏನು ಹೇಳಿದೆ ಎಂಬುದನ್ನು ಓದುಗನು ತನ್ನ ಮಾತಿನಲ್ಲಿ ಬರೆಯಬೇಕು. ನಂತರ ಅದರ ಬಲ, ಅದರ ಕೊರತೆ, ಲೇಖಕರಿಗೆ ಪ್ರಶ್ನೆಗಳು. ಕೊನೆಗೆ ಎರಡು ಅಂಕ. ಒಂದು ಪೇಪರಿಗೆ: ಖಂಡಿತ ಬೇಕು ಎಂಬಲ್ಲಿಂದ ಖಂಡಿತ ಬೇಡ ಎಂಬಲ್ಲಿಯವರೆಗೆ. ಇನ್ನೊಂದು ತನಗೆ ತಾನೇ ಕೊಟ್ಟುಕೊಳ್ಳುವ ಅಂಕ: ಈ ವಿಷಯ ನನಗೆ ಎಷ್ಟು ಗೊತ್ತು? ತೀರ್ಪು ಕೊಡುವವನು ತನ್ನ ತಿಳಿವಳಿಕೆಯ ಮಿತಿಯನ್ನೂ ಬರೆದುಕೊಡಬೇಕಾದ ಜಾಗಗಳು ಲೋಕದಲ್ಲಿ ಕಡಿಮೆ. ಈ ಎರಡನೆಯ ಅಂಕದ ಬಗ್ಗೆ ನನಗೆ ಬಹಳ ಗೌರವವಿದೆ.

ನಮೂನೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಆ ಮೊದಲ ಭಾಗ. ನಾನು ಹೇಳಿದ್ದನ್ನು ಇನ್ನೊಬ್ಬ ತನ್ನ ಮಾತಿನಲ್ಲಿ ಹೇಳಿದಾಗಲೇ ನಾನು ನಿಜಕ್ಕೂ ಏನು ಹೇಳಿದೆ ಎಂದು ನನಗೆ ತಿಳಿಯುವುದು. ಅವನು ತಪ್ಪಾಗಿ ತಿಳಿದಿದ್ದರೆ ಹತ್ತರಲ್ಲಿ ಏಳು ಸಲ ತಪ್ಪು ನನ್ನ ಬರವಣಿಗೆಯದೇ ಆಗಿರುತ್ತದೆ ಎಂಬುದು ನನ್ನ ಅನುಭವ.

ವರದಿಗಳು ಲೇಖಕರ ಕೈ ಸೇರಿದ ಮೇಲೆ ಹಲವು ಸಮ್ಮೇಳನಗಳಲ್ಲಿ ಉತ್ತರ ಕೊಡಲು ಅವರಿಗೆ ನಾಲ್ಕಾರು ದಿನ ಸಿಗುತ್ತವೆ. ಆಮೇಲೆ ಸಮಿತಿಯ ಚರ್ಚೆ. ಇಲ್ಲಿ ಅಂಕ ಕೂಡಿಸಿ ಭಾಗಿಸಿ ತೀರ್ಮಾನ ಮಾಡುವುದಿಲ್ಲ. ಇಬ್ಬರು ಹೊಗಳಿದ ಪೇಪರಿನಲ್ಲಿ ಮೂರನೆಯವನು ಒಂದೇ ಒಂದು ನಿಜವಾದ ತಪ್ಪು ತೋರಿಸಿದರೆ ಆ ಒಬ್ಬನ ಮಾತೇ ನಿಲ್ಲುತ್ತದೆ. ಹಾಗೆಯೇ, ಇಬ್ಬರು ಬೇಡವೆಂದ ಪೇಪರನ್ನು ಒಬ್ಬ ಕಾರಣಸಹಿತ ಎತ್ತಿಹಿಡಿದು ಉಳಿಸಿದ್ದನ್ನೂ ನೋಡಿದ್ದೇನೆ. ಎಷ್ಟು ಜನ ಹೇಳಿದರು ಎಂಬುದಕ್ಕಿಂತ ಯಾವ ಕಾರಣ ಕೊಟ್ಟರು ಎಂಬುದು ಮುಖ್ಯವಾದಾಗಲೇ ಅದು ಒಳ್ಳೆಯ ಸಮಿತಿ.

ಐದು ಬಿಂದುಗಳು

ನನ್ನದೇ ಒಂದು ಅನುಭವ ಹೇಳುತ್ತೇನೆ. ಪಿಎಚ್‌ಡಿ ಮುಗಿದ ಹೊಸತರಲ್ಲಿ ಎರಡು ವರ್ಷ ದುಡಿದು ಒಂದು ಪೇಪರ್ ಬರೆದಿದ್ದೆ. ಮೊದಲ ಇಬ್ಬರು ಓದುಗರು ಮೆಚ್ಚಿದ್ದರು. ಮೂರನೆಯವರ ವರದಿ ನಾಲ್ಕು ಪುಟವಿತ್ತು. ಅದರಲ್ಲಿ ಮೂರು ಪುಟ ನನ್ನ ವಾದವನ್ನು ನನಗಿಂತ ಚೆನ್ನಾಗಿ ತಿಳಿಸಿ ಬರೆದದ್ದು. ನಾಲ್ಕನೆಯ ಪುಟದಲ್ಲಿ ಒಂದು ಚಿಕ್ಕ ಚಿತ್ರ: ಐದು ಬಿಂದು, ಅವುಗಳ ನಡುವೆ ಆರು ಗೆರೆ. ‘ದಯವಿಟ್ಟು ನಿಮ್ಮ ಏಳನೆಯ ಪುಟದ ಮಾತನ್ನು ಈ ಚಿತ್ರಕ್ಕೆ ಹಚ್ಚಿ ನೋಡಿ’ ಎಂದಿದ್ದರು. ಹಚ್ಚಿ ನೋಡಿದೆ. ಎರಡು ವರ್ಷದ ಕಟ್ಟಡ ಆ ಐದು ಬಿಂದುಗಳ ಮೇಲೆ ಕುಸಿದು ಬಿತ್ತು.

ಪೇಪರ್ ರಿಜೆಕ್ಟ್ ಆಯಿತು. ವಾರವಿಡೀ ಯಾರೊಂದಿಗೂ ಮಾತಾಡಲಿಲ್ಲ. ಆದರೆ ತಿಂಗಳು ಕಳೆದ ಮೇಲೆ ಅದೇ ಚಿತ್ರ ನನ್ನನ್ನು ಸರಿಯಾದ ದಾರಿಗೆ ಹಚ್ಚಿತು. ತಪ್ಪು ಎಲ್ಲಿದೆ ಎಂದು ತೋರಿಸಲು ಆ ವ್ಯಕ್ತಿ ಎಷ್ಟು ರಾತ್ರಿ ಕೂತಿರಬೇಕು! ‘ವಾದ ಸರಿಯಿಲ್ಲ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ನಾನು ಇವತ್ತು ನಿಮ್ಮ ಮುಂದೆ ಸರೀಕನಾಗಿ ನಿಂತಿದ್ದರೆ, ಹೆಸರು ಗೊತ್ತಿಲ್ಲದ ಆ ಓದುಗರ ಕೈ ಅದರಲ್ಲಿದೆ.

ಹೆಸರು ಮುಚ್ಚಿದ ಕಪ್ಪು

ಅನೇಕ ಸಮ್ಮೇಳನಗಳಲ್ಲಿ ಲೇಖಕರ ಹೆಸರನ್ನೂ ಓದುಗರಿಂದ ಮುಚ್ಚಿಡುತ್ತಾರೆ, ಅದು ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇದಕ್ಕೆ ಉತ್ತರ ನಿಮ್ಮ ಕಾಫಿಯಲ್ಲೇ ಇದೆ. ಕಪ್ ಟೇಸ್ಟಿಂಗ್ ನೋಡಿದವರಿಗೆ ಗೊತ್ತು: ಒಂದೊಂದು ಮಾದರಿಗೂ ಐದು ಕಪ್ಪು, ಪ್ರತಿ ಮಾದರಿಗೂ ಕೋಡ್ ನಂಬರ್. ಯಾವ ಎಸ್ಟೇಟ್, ಯಾರ ಬೆಳೆ ಎಂಬುದು ಚಮಚ ಹಿಡಿದವರಿಗೆ ತಿಳಿಯಕೂಡದು. ಬಾಬಾಬುಡನ್‌ಗಿರಿಯ ದೊಡ್ಡ ಎಸ್ಟೇಟಿನ ಹೆಸರು ಕಂಡರೆ ನಾಲಿಗೆಗಿಂತ ಮೊದಲು ಮನಸ್ಸು ಅಂಕ ಕೊಟ್ಟುಬಿಡುತ್ತದೆ. ಬಣಕಲ್ಲಿನ ಎರಡು ಎಕರೆ ಹಿಡುವಳಿದಾರನ ಪಾರ್ಚ್‌ಮೆಂಟ್ ಎಷ್ಟೇ ಚೆನ್ನಾಗಿದ್ದರೂ ಆ ಹೆಸರಿನ ಎದುರು ಸೋಲುತ್ತದೆ. ಕಪ್ಪಿನ ಹೆಸರು ಮುಚ್ಚುವುದು ನಾಲಿಗೆಯನ್ನು ಮನಸ್ಸಿನ ಅಭ್ಯಾಸದಿಂದ ಬಿಡಿಸುವುದಕ್ಕೆ.

ಪೇಪರಿನ ವಿಷಯದಲ್ಲೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2017ರ ಡಬ್ಲ್ಯುಎಸ್‌ಡಿಎಂ ಎಂಬ ಸಮ್ಮೇಳನದಲ್ಲಿ ಅರ್ಧ ಓದುಗರಿಗೆ ಲೇಖಕರ ಹೆಸರು ತೋರಿಸಿದರು, ಉಳಿದರ್ಧಕ್ಕೆ ಮುಚ್ಚಿಟ್ಟರು. ಅವೇ ಪೇಪರುಗಳು, ಎರಡು ಬಗೆಯ ಓದು. ಹೆಸರು ಕಂಡವರು ಪ್ರಸಿದ್ಧ ಲೇಖಕರ, ದೊಡ್ಡ ವಿಶ್ವವಿದ್ಯಾಲಯಗಳ, ದೊಡ್ಡ ಕಂಪನಿಗಳ ಪೇಪರುಗಳ ಕಡೆಗೆ ಹೆಚ್ಚು ವಾಲಿದ್ದರು. ಅವರು ಕೆಟ್ಟವರೆಂದಲ್ಲ. ಮನುಷ್ಯನ ಕಣ್ಣೇ ಹಾಗೆ. ಸಣ್ಣ ಊರಿನ ಕಾಲೇಜಿನಿಂದ ಪೇಪರ್ ಕಳಿಸುವ ಹುಡುಗಿಗೆ ಹೆಸರಿನ ಮೇಲಿನ ಆ ಮುಸುಕೇ ದೊಡ್ಡ ಆಸರೆ.

ಇಬ್ಬರು ಓದುಗರು, ಎರಡು ತಕ್ಕಡಿ

ಈ ಪದ್ಧತಿಯ ಇತಿಹಾಸದ ಮೊದಲ ಪುಟದಲ್ಲೇ ಒಂದು ಭಿನ್ನಾಭಿಪ್ರಾಯವಿದೆ. ಲಂಡನ್ನಿನ ರಾಯಲ್ ಸೊಸೈಟಿ 1830ರ ದಶಕದ ಆರಂಭದಲ್ಲಿ ತನಗೆ ಬಂದ ಲೇಖನಗಳ ಮೇಲೆ ಸದಸ್ಯರಿಂದ ಲಿಖಿತ ವರದಿ ಪಡೆಯಲು ತೊಡಗಿತು. ಖಗೋಳ ವಿಜ್ಞಾನಿ ಏರಿ ಅವರ ಲೇಖನವನ್ನು ವ್ಹೀವೆಲ್ ಮತ್ತು ಲಬ್ಬಕ್ ಎಂಬ ಇಬ್ಬರು ಒಟ್ಟಾಗಿ ಓದಿ ಒಂದೇ ವರದಿ ಕೊಡಬೇಕಿತ್ತು. ಲೇಖನದ ಮಹತ್ವವನ್ನು ಓದುಗರಿಗೆ ತಿಳಿಸಿ ಹೇಳುವುದೇ ವರದಿಯ ಕೆಲಸ ಎಂದು ವ್ಹೀವೆಲ್. ತಪ್ಪುಗಳನ್ನು ಎತ್ತಿ ತೋರಿಸಿ ತಿದ್ದಿಸುವುದೇ ಕೆಲಸ ಎಂದು ಲಬ್ಬಕ್. ಇಬ್ಬರಿಗೂ ಸುಲಭವಾಗಿ ಒಮ್ಮತ ಬರಲಿಲ್ಲ. ಸುಮಾರು ಇನ್ನೂರು ವರ್ಷ ಕಳೆದರೂ ಪ್ರತಿ ಸಮಿತಿಯಲ್ಲೂ ಈ ಇಬ್ಬರು ಎದುರುಬದುರು ಕೂತೇ ಇರುತ್ತಾರೆ.

ಭಿನ್ನಾಭಿಪ್ರಾಯ ಎಷ್ಟರಮಟ್ಟಿಗೆ ಇರುತ್ತದೆ ಎಂಬುದಕ್ಕೆ ಲೆಕ್ಕವೂ ಇದೆ. ಯಂತ್ರಕಲಿಕೆಯ ದೊಡ್ಡ ಸಮ್ಮೇಳನ ನ್ಯೂರಿಪ್ಸ್‌ಗೆ 2014ರಲ್ಲಿ 1,678 ಪೇಪರುಗಳು ಬಂದಿದ್ದವು. ಆ ವರ್ಷದ ಅಧ್ಯಕ್ಷರಾದ ಕೊರಿನಾ ಕಾರ್ಟೆಸ್ ಮತ್ತು ನೀಲ್ ಲಾರೆನ್ಸ್ ಅವುಗಳಲ್ಲಿ 166ನ್ನು ಎರಡು ಪ್ರತ್ಯೇಕ ಸಮಿತಿಗಳಿಗೆ ಕೊಟ್ಟು ನೋಡಿದರು. 43 ಪೇಪರುಗಳ ವಿಷಯದಲ್ಲಿ ಒಂದು ಸಮಿತಿ ಬೇಕೆಂದಿತು, ಇನ್ನೊಂದು ಬೇಡವೆಂದಿತು. ಒಂದು ಸಮಿತಿ ಒಪ್ಪಿದ ಪೇಪರುಗಳಲ್ಲಿ ಸರಿಸುಮಾರು ಅರ್ಧವನ್ನು ಇನ್ನೊಂದು ಸಮಿತಿ ತಳ್ಳಿಹಾಕಿತ್ತು. ಅದೇ ಅಧ್ಯಕ್ಷರು ಏಳು ವರ್ಷದ ಬಳಿಕ ಆ ಪೇಪರುಗಳ ಗತಿಯನ್ನು ಮತ್ತೆ ನೋಡಿದಾಗ ಕಂಡದ್ದು ಇದು: ಕಳಪೆ ಪೇಪರನ್ನು ಗುರುತಿಸುವುದರಲ್ಲಿ ಸಮಿತಿಗಳು ಗಟ್ಟಿ. ಒಳ್ಳೆಯದರಲ್ಲಿ ಅತ್ಯುತ್ತಮ ಯಾವುದು ಎಂದು ಹೇಳುವುದರಲ್ಲಿ ಅಲ್ಲ.

ಪಾರ್ಚ್‌ಮೆಂಟ್ ಗರಬು ಮಾಡಿದವರಿಗೆ ಇದು ಹೊಸ ಮಾತಲ್ಲ. ಕಪ್ಪು ಕಾಳನ್ನು, ತೂತು ಬಿದ್ದ ಕಾಳನ್ನು ಆರಿಸಿ ತೆಗೆಯುವ ಹೆಂಗಸರ ಬೆರಳು ತಪ್ಪುವುದಿಲ್ಲ. ಉಳಿದ ಒಳ್ಳೆಯ ಕಾಳುಗಳಲ್ಲಿ ಯಾವುದು ಎಲ್ಲಕ್ಕಿಂತ ಒಳ್ಳೆಯದು ಎಂದು ಕೇಳಿದರೆ ಆ ಬೆರಳು ನಿಲ್ಲುತ್ತದೆ. ಆರಿಸುವ ಕೆಲಸ ಹಾಗೆಂದು ವ್ಯರ್ಥವೇ? ಅಲ್ಲ. ಅದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂದು ತಿಳಿದು ಮಾಡಿಸಬೇಕು, ಅಷ್ಟೇ. ರಿಜೆಕ್ಟ್ ಆಯಿತೆಂದು ಕುಗ್ಗಿ ಓದು ಬಿಟ್ಟ ಹುಡುಗರನ್ನು ನಾನು ಕಂಡಿದ್ದೇನೆ. ಅವರಿಗೆ ಈ ಲೆಕ್ಕವನ್ನು ಯಾರೂ ಮೊದಲೇ ಹೇಳಿರಲಿಲ್ಲ. ಒಂದು ‘ಬೇಡ’ ಎಂಬುದು ನಿಮ್ಮ ಯೋಗ್ಯತೆಯ ತೂಕವಲ್ಲ. ಆ ‘ಬೇಡ’ದ ಜೊತೆ ಬಂದ ಕಾರಣಗಳನ್ನು ಓದಿ. ನಿಮಗೆ ಸೇರಬೇಕಾದದ್ದು ಅವು.

ಮುಯ್ಯಿಯ ಇನ್ನೊಂದು ಅರ್ಥ

ಮುಯ್ಯಿ ಎಂಬ ನಮ್ಮ ಮಾತಿಗೆ ಎರಡು ಮುಖ. ಮದುವೆಮನೆಯಲ್ಲಿ ಕೊಟ್ಟು, ಅವರ ಮನೆಯ ಮದುವೆಯಲ್ಲಿ ಹಿಂದೆ ಪಡೆಯುವುದೂ ಮುಯ್ಯಿ. ಮಾಡಿದ ಕೇಡಿಗೆ ತಿರುಗಿ ಕೇಡು ಮಾಡುವುದೂ ಮುಯ್ಯಿ. ಉಪಕಾರ ತೀರಿಸುವುದಕ್ಕೂ ಸೇಡು ತೀರಿಸುವುದಕ್ಕೂ ಭಾಷೆ ಒಂದೇ ಪದ ಇಟ್ಟುಕೊಂಡಿದೆ. ಎರಡರ ನಡುವಿನ ಗಡಿ ಎಷ್ಟು ತೆಳು ಎಂದು ಹಿಂದಿನವರಿಗೆ ಗೊತ್ತಿದ್ದಿರಬೇಕು.

ತನ್ನ ಪೇಪರನ್ನು ಯಾರೋ ಅಸಡ್ಡೆಯಿಂದ ತಳ್ಳಿಹಾಕಿದರೆಂಬ ಸಿಟ್ಟು, ತನ್ನ ಕೈಗೆ ಬಂದ ಮುಂದಿನ ಪೇಪರಿನ ಮೇಲೆ ಇಳಿಯುತ್ತದೆ. ನಾನು ಹಾಗೆ ಮಾಡಿದ್ದೇನೆ. ನನ್ನದೊಂದು ಪೇಪರ್ ತಿರಸ್ಕೃತವಾದ ವಾರ, ಗಡುವಿನ ಹಿಂದಿನ ರಾತ್ರಿ, ಅರ್ಧ ಓದಿ ‘ಇದರಲ್ಲಿ ಹೊಸತೇನೂ ಇಲ್ಲ’ ಎಂದು ಎರಡು ಸಾಲು ಬರೆದು ಕಳಿಸಿದೆ. ವರ್ಷದ ಮೇಲೆ ಆ ಪೇಪರ್ ಬೇರೆಡೆ ಅಚ್ಚಾದಾಗ ಪೂರ್ತಿ ಓದಿದೆ. ಹೊಸತು ಇದ್ದದ್ದು ನಾನು ಓದದ ಉತ್ತರಾರ್ಧದಲ್ಲಿ. ಅದರ ಲೇಖಕರಿಗೆ ನಾನು ಯಾರೆಂದು ಗೊತ್ತಿಲ್ಲ. ಹೆಸರಿಲ್ಲದೆ ಮಾಡಿದ ತಪ್ಪಿಗೆ ಹೆಸರು ಹೇಳಿ ಕ್ಷಮೆ ಕೇಳುವ ದಾರಿ ನಿಯಮದಲ್ಲಿ ಇರಲಿಲ್ಲ. ಅಂದಿನಿಂದ ಒಂದು ಪಣ ಇಟ್ಟುಕೊಂಡಿದ್ದೇನೆ: ಕೊನೆಯ ಪುಟದವರೆಗೆ ಓದದೆ ಮೊದಲ ಸಾಲು ಬರೆಯುವುದಿಲ್ಲ.

ಇವತ್ತಿನ ದೊಡ್ಡ ಸಂಕಟ ಸಂಖ್ಯೆಯದು. 2014ರಲ್ಲಿ 1,678 ಪೇಪರ್ ಬಂದಿದ್ದ ಅದೇ ನ್ಯೂರಿಪ್ಸ್‌ಗೆ 2023ರಲ್ಲಿ ಬಂದದ್ದು 12,343. ಪೇಪರಿಗೆ ಮೂರೇ ಓದು ಎಂದು ಹಿಡಿದರೂ 37,029 ಓದುಗಳು. ಓದಿಗೆ ನಾಲ್ಕೇ ಗಂಟೆ ಎಂದುಕೊಂಡರೂ ಸುಮಾರು ಒಂದೂವರೆ ಲಕ್ಷ ಗಂಟೆ, ಒಂದು ಸಮ್ಮೇಳನಕ್ಕೆ. ಗದ್ದೆ ಏಳು ಪಟ್ಟು ಹೆಚ್ಚಾಗಿದೆ, ನುರಿತ ಕೈಗಳು ಅಷ್ಟು ಹೆಚ್ಚಿಲ್ಲ. ಆದ್ದರಿಂದ ಅನುಭವವಿಲ್ಲದವರ ಕೈಗೂ ಪೇಪರ್ ಹೋಗುತ್ತದೆ. ಕೆಲವರು ಓದುವ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸುತ್ತಾರೆ. ಕೃತಕ ಬುದ್ಧಿಮತ್ತೆಯ ಕೆಲವು ಸಮ್ಮೇಳನಗಳ ವರದಿಗಳನ್ನು ಪರೀಕ್ಷಿಸಿದ 2024ರ ಒಂದು ಅಧ್ಯಯನ, ಚಾಟ್‌ಜಿಪಿಟಿ ಬಂದ ಮೇಲೆ ಬರೆದ ವರದಿಗಳ ಪಠ್ಯದಲ್ಲಿ 6.5ರಿಂದ 16.9 ಶೇಕಡಾದಷ್ಟು ಭಾಗದಲ್ಲಿ ಯಂತ್ರದ ಕೈವಾಡ ಗಣನೀಯವಾಗಿ ಇರಬಹುದೆಂದು ಅಂದಾಜು ಮಾಡಿತು. ಮುಯ್ಯಾಳಿಗೆ ತಾನು ಬರುವ ಬದಲು ಬೆದರುಬೊಂಬೆ ಕಳಿಸಿದ ಹಾಗೆ ಇದು. ದೂರದಿಂದ ಆಳಿನಂತೆ ಕಾಣುತ್ತದೆ, ಸಸಿ ನೆಡುವುದಿಲ್ಲ.

ಇದಕ್ಕೆ ಸಮ್ಮೇಳನಗಳು ಹುಡುಕಿಕೊಂಡ ದಾರಿ ನನಗೆ ಅಮ್ಮನ ಕಾಲವನ್ನು ನೆನಪಿಸುತ್ತದೆ. ಪೇಪರ್ ಕಳಿಸಿದವರು ಕರೆದಾಗ ಬಂದು ಓದಲೇಬೇಕು ಎಂಬ ನಿಯಮ ಹಲವೆಡೆ ಬಂದಿದೆ. ಸಿವಿಪಿಆರ್ ಎಂಬ ದೊಡ್ಡ ಸಮ್ಮೇಳನ 2025ರಲ್ಲಿ, ತೀರಾ ಬೇಜವಾಬ್ದಾರಿಯಿಂದ ಓದಿದವರ ಸ್ವಂತ ಪೇಪರುಗಳನ್ನೇ ಕೈಬಿಟ್ಟಿತು. ಸಡಿಲವಾಗಿ ಸಸಿ ಊರಿದವರ ಗದ್ದೆಗೆ ಆಳು ಇಲ್ಲ ಎಂಬ ಹಳೆಯ ನ್ಯಾಯವೇ ಅದು.

ಇನ್ನೊಂದು ಕೇಡಿನ ಬಗ್ಗೆ ವಿದ್ಯಾರ್ಥಿಗಳನ್ನು ಎಚ್ಚರಿಸಬೇಕು. ಶುಲ್ಕ ಕಟ್ಟಿದರೆ ಎರಡು ದಿನದಲ್ಲಿ ಪೇಪರ್ ಒಪ್ಪಿಕೊಳ್ಳುವ ‘ಅಂತಾರಾಷ್ಟ್ರೀಯ’ ಸಮ್ಮೇಳನಗಳಿವೆ. 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು, ಅರ್ಥವೇ ಇಲ್ಲದ ವಾಕ್ಯಗಳನ್ನು ಹೊಸೆಯುವ ಸೈಜೆನ್ ಎಂಬ ತಂತ್ರಾಂಶ ಬರೆದರು. ಅದು ಹೊಸೆದ ಪೇಪರೊಂದು ಒಂದು ಸಮ್ಮೇಳನಕ್ಕೆ ಸ್ವೀಕೃತವಾಯಿತು. 2014ರಲ್ಲಿ ಫ್ರಾನ್ಸಿನ ಸಿರಿಲ್ ಲಾಬ್ಬೆ ಇಂಥ ಪೇಪರುಗಳನ್ನು ಹುಡುಕಿ ತೋರಿಸಿದ ಮೇಲೆ ಎರಡು ಹೆಸರಾಂತ ಪ್ರಕಾಶನಗಳು 120ಕ್ಕೂ ಹೆಚ್ಚು ಪೇಪರುಗಳನ್ನು ತೆಗೆದುಹಾಕಬೇಕಾಯಿತು. ಯಾರೂ ಓದದೆ ಒಪ್ಪಿದ ಪೇಪರಿನಿಂದ ನಿಮಗೆ ಪ್ರಮಾಣಪತ್ರ ಸಿಗಬಹುದು. ಐದು ಬಿಂದುಗಳ ಚಿತ್ರ ಬರೆದು ಕಳಿಸುವ ಓದುಗ ಸಿಗುವುದಿಲ್ಲ.

ತೋಟದಲ್ಲಿ ಕೇಳಬೇಕಾದ ಪ್ರಶ್ನೆಗಳು

ಇದೆಲ್ಲ ಓದಿದವರ ಸಂಗತಿ, ನಮಗೇನು ಎಂದು ಬೆಳೆಗಾರರು ಕೇಳಬಹುದು. ಕೊಪ್ಪದಲ್ಲಿ 1915ರಲ್ಲಿ ತಾತ್ಕಾಲಿಕವಾಗಿ ಶುರುವಾದ ಕಾಫಿ ಸಂಶೋಧನೆ 1925ರಲ್ಲಿ ಬಾಳೆಹೊನ್ನೂರಿನಲ್ಲಿ ನೆಲೆ ನಿಂತಿತು. ನಿಮ್ಮಲ್ಲಿ ಅನೇಕರ ತೋಟದಲ್ಲಿರುವ ಎಸ್. 795 ತಳಿ ಬಂದದ್ದು ಅಲ್ಲಿಂದಲೇ. ಕಾಫಿ ವಿಜ್ಞಾನಕ್ಕೇ ಮೀಸಲಾದ ಅಂತಾರಾಷ್ಟ್ರೀಯ ಸಂಘ ಅಸಿಕ್‌ನ 20ನೆಯ ಸಮ್ಮೇಳನ 2004ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ನಿಮ್ಮ ಗಿಡದ ಬುಡಕ್ಕೆ ಏನು ಹಾಕಬೇಕೆಂಬ ಸಲಹೆಯ ಹಿಂದೆ ಇಂಥ ಕಡೆ ಯಾರೋ ಬರೆದ, ಇನ್ಯಾರೋ ಓದಿ ಒರೆಗೆ ಹಚ್ಚಿದ ಪೇಪರ್ ಇರುತ್ತದೆ. ಇರಬೇಕು.

ಆದರೆ ಗೇಟಿನ ಮುಂದೆ ಬೈಕ್ ನಿಲ್ಲಿಸಿ ಒಂದು ಡಬ್ಬಿ ತೋರಿಸಿ ‘ಇದನ್ನು ಹೊಡೆದ ತೋಟದಲ್ಲಿ ಫಸಲು ಇಮ್ಮಡಿ ಆಗಿದೆ’ ಎನ್ನುವವರ ಹಿಂದೆ ಅಂಥ ಓದು ಇರುವುದಿಲ್ಲ. ಆಗ ನೀವೇ ರಿವ್ಯೂವರ್ ಆಗಬೇಕು. ನಾವು ಪೇಪರಿಗೆ ಕೇಳುವ ಪ್ರಶ್ನೆಗಳನ್ನೇ ಕೇಳಿ. ಮೊದಲನೆಯದು: ಯಾವುದಕ್ಕೆ ಹೋಲಿಸಿ ಇಮ್ಮಡಿ? ಅದೇ ತೋಟದಲ್ಲಿ, ಅದೇ ನೆರಳಿನಲ್ಲಿ, ಔಷಧಿ ಹೊಡೆಯದೆ ಬಿಟ್ಟ ಸಾಲು ಯಾವುದು? ಎರಡನೆಯದು: ಎಷ್ಟು ಗಿಡ? ಮೂರನೆಯದು: ಎಷ್ಟು ವರ್ಷ? ಅರೇಬಿಕಾ ಒಂದು ವರ್ಷ ತುಂಬಿ ಬಂದರೆ ಮರುವರ್ಷ ಹಿಂದೆ ಬೀಳುವ ಗಿಡ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಿಂದೆ ಬಿದ್ದ ವರ್ಷ ಔಷಧಿ ಹೊಡೆದರೆ ಮುಂದಿನ ವರ್ಷದ ಫಸಲಿನ ಹೆಸರು ಡಬ್ಬಿಗೆ ಹೋಗುತ್ತದೆ. ಸಕಾಲಕ್ಕೆ ಹೂಮಳೆ ಬಂದು, ಅದರ ಹಿಂದೆಯೇ ಬ್ಯಾಕಿಂಗ್ ಮಳೆಯೂ ಸಿಕ್ಕಿದ ವರ್ಷ ಔಷಧಿ ಹೊಡೆದವರಿಗೂ, ಹೊಡೆಯದವರಿಗೂ ಕಾಯಿ ಕಟ್ಟುತ್ತದೆ. ನಾಲ್ಕನೆಯದು: ಈ ಪ್ರಯೋಗಕ್ಕೆ ದುಡ್ಡು ಕೊಟ್ಟವರು ಯಾರು? ಈ ನಾಲ್ಕು ಪ್ರಶ್ನೆಗೆ ಉತ್ತರವಿದ್ದರೆ ಮುಂದಿನ ಮಾತು. ಕಾಂಡ ಕೊರೆಯುವ ಬೋರರ್ ಹುಳು ಬಿದ್ದ ಗಿಡ ಕಿತ್ತು ಸುಟ್ಟು ಸೋತಿರುವವನಿಗೆ ಸುಳ್ಳು ಭರವಸೆ ಮಾರುವುದಕ್ಕಿಂತ ದೊಡ್ಡ ಪಾಪ ನನಗೆ ಕಾಣುವುದಿಲ್ಲ.

ಸರೀಕರು ಯಾರು?

ಈ ಊರಿನಲ್ಲಿ ನಿಂತು ತೇಜಸ್ವಿಯವರನ್ನು ನೆನೆಯದೆ ಮಾತು ಮುಗಿಸಲಾರೆ. ಅವರ ಹೆಸರಿನ ಪ್ರತಿಷ್ಠಾನ ಇಲ್ಲೇ ಇದೆ. 1980ರಲ್ಲಿ ಬಂದ ಅವರ ‘ಕರ್ವಾಲೊ’ ಕಾದಂಬರಿಯಲ್ಲಿ ಕರ್ವಾಲೊ ಎಂಬ ದೊಡ್ಡ ವಿಜ್ಞಾನಿ ಹಾರುವ ಓತಿಯನ್ನು ಹುಡುಕಿ ಹೊರಡುತ್ತಾರೆ. ಅವರಿಗೆ ದಾರಿ ತೋರುವವನು ಜೇನು ಹಿಡಿಯುವ ಮಂದಣ್ಣ. ಊರು ಯಾವುದಕ್ಕೂ ಬಾರದವನೆಂದು ತಿಳಿದ ಮಂದಣ್ಣನಲ್ಲಿ ಒಬ್ಬ ಸಹಜ ಪ್ರಾಣಿವಿಜ್ಞಾನಿಯನ್ನು ಕರ್ವಾಲೊ ಕಾಣುತ್ತಾರೆ. ಅವನ ಕಣ್ಣನ್ನು ಅವರು ನಂಬುತ್ತಾರೆ.

ಸರೀಕರು ಯಾರು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಮ್ಮ ಯಾವ ಸಮಿತಿಯ ನಿಯಮದಲ್ಲೂ ಇಲ್ಲ. ಪದವಿ ಸರೀಕನನ್ನು ಮಾಡುವುದಿಲ್ಲ. ವಸ್ತುವನ್ನು ತಾನೇ ಕಣ್ಣಿಟ್ಟು ನೋಡಿದವನು ಸರೀಕ. ಇಲ್ಲಿನ ಹಳ್ಳಗಳ ಕಪ್ಪೆಯ ಬಗ್ಗೆ ಬರೆದ ಪೇಪರನ್ನು ದೂರದ ದೇಶದಲ್ಲಿ ಕೂತವರು ಓದುತ್ತಾರೆ, ಸರಿ. ಅದೇ ಹಳ್ಳದ ದಂಡೆಯಲ್ಲಿ ಐವತ್ತು ಮಳೆಗಾಲ ಕಂಡವರ ಕಣ್ಣಿಗೂ ಆ ಓದಿನಲ್ಲಿ ಒಂದು ಜಾಗ ಬೇಕು. ವಿಜ್ಞಾನ ಕನ್ನಡದಲ್ಲಿ ಬರದೆ ಆ ಜಾಗ ತೆರೆಯುವುದಿಲ್ಲ. ಓದಲಾಗದ್ದನ್ನು ಒರೆಗೆ ಹಚ್ಚುವುದು ಹೇಗೆ?

ಮತ್ತೆ ಆ ಕಪ್ಪೆಯ ಬಳಿಗೆ ಬರುತ್ತೇನೆ. ನಾರಾಯಣ ರಾಯರು ಕೂಡಿಟ್ಟ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದವು. ಅವರು ಅದನ್ನು ಸೇರಿಸಿದ್ದ ಕುಲವೂ ಸರಿಯಲ್ಲವೆಂದು ನಂತರದವರು ಬದಲಿಸಿದರು. ಅವರ ಲೇಖನವನ್ನು ಹೀಗೆ ಮುಂದಿನ ತಲೆಮಾರುಗಳು ಓದಿ ತಿದ್ದುತ್ತಲೇ ಇದ್ದವು. 2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಶ್ರೀಲಂಕಾದ ‘ಸಿಲೋನ್ ಜರ್ನಲ್ ಆಫ್ ಸೈನ್ಸ್’ನಲ್ಲಿ ಕುಣಿಯುವ ಕಪ್ಪೆಗಳ ಹದಿನಾಲ್ಕು ಹೊಸ ಪ್ರಭೇದಗಳನ್ನು ವಿವರಿಸುವಾಗ ಹಳೆಯ ಹೆಸರುಗಳನ್ನೂ ಒಂದೊಂದಾಗಿ ಮತ್ತೆ ಪರೀಕ್ಷಿಸಿದರು. ತಿದ್ದಿದವರು ರಾಯರನ್ನು ಮರೆಯಲಿಲ್ಲ. 2010ರಲ್ಲಿ ಪೊದೆಗಪ್ಪೆಗಳ ಒಂದು ಹೊಸ ಕುಲಕ್ಕೆ ರಾವ್‌ಆರ್ಕೆಸ್ಟಿಸ್ ಎಂದು ಅವರ ಹೆಸರನ್ನೇ ಇಟ್ಟರು. ತಪ್ಪು ತಿದ್ದುವುದೂ ಋಣ ಸಲ್ಲಿಸುವುದೂ ಒಂದೇ ಕೆಲಸವಾಗಬಲ್ಲದು. ಮುಯ್ಯಿ ಎಂಬ ಮಾತಿನ ಒಳ್ಳೆಯ ಮುಖ ಅದು.

ನನ್ನ ಚೀಲದಲ್ಲಿ ಈಗ ಒಂದು ಪೇಪರ್ ಇದೆ. ಹೆಸರಿಲ್ಲ, ಊರಿಲ್ಲ. ಹದಿನೈದು ಪುಟ. ವಾರದೊಳಗೆ ವರದಿ ಕೊಡಬೇಕು. ಬರೆದವರು ಯಾವ ದೇಶದ ಎಷ್ಟು ವಯಸ್ಸಿನವರೋ ತಿಳಿಯದು. ಬರುವಾಗ ಬಸ್ಸಿನಲ್ಲಿ ಒಂಬತ್ತನೆಯ ಪುಟದವರೆಗೆ ಓದಿದ್ದೇನೆ. ಅಲ್ಲೊಂದು ಕಡೆ ನನಗೆ ಅನುಮಾನವಿದೆ. ನಾಳೆ ಬೆಳಿಗ್ಗೆ ಎದ್ದು ಕಾಗದ ಪೆನ್ಸಿಲ್ ಹಿಡಿದು, ಅವರು ತಪ್ಪಿದ್ದಾರೋ ನಾನು ತಪ್ಪಿದ್ದೇನೋ ಎಂದು ಚಿತ್ರ ಬರೆದು ನೋಡಬೇಕು. ಹಿಂದೊಮ್ಮೆ ಯಾರೋ ನನಗಾಗಿ ಐದು ಬಿಂದು ಬರೆದಿದ್ದರು.